ಗಂಟೆ ಎಣಿಸದವರ ವಾರ



ಈ ಉಪನ್ಯಾಸದ ದತ್ತಿಪತ್ರದಲ್ಲಿ ಎರಡು ಷರತ್ತುಗಳಿವೆ. ಉಪನ್ಯಾಸ ಭಾನುವಾರವೇ ನಡೆಯಬೇಕು, ಒಂದು ಗಂಟೆ ಮೀರಬಾರದು. ದತ್ತಿ ಇಟ್ಟವರು ಗುಮಾಸ್ತರಾಗಿದ್ದವರು ಎಂದು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ರಜೆಯ ಬೆಲೆಯೂ ಗಂಟೆಯ ಬೆಲೆಯೂ ಗೊತ್ತಿದ್ದವರು ಬರೆದ ಷರತ್ತುಗಳಿವು. ಸಭಿಕರ ಊಟ ಆರಿಹೋಗುವ ತನಕ ಮಾತಾಡಿದ ವಿದ್ವಾಂಸರನ್ನೂ ಅವರು ಕಂಡಿದ್ದಿರಬೇಕು. ಅವರ ಹೆಸರಿನಲ್ಲಿ ಸಂಬಳದಾರರ ವಾರವನ್ನು ಕಿರಿದು ಮಾಡುವ ವಿಚಾರ ಮಾತಾಡುವುದು ಅನುಚಿತವಾಗಲಾರದು ಎಂದುಕೊಂಡಿದ್ದೇನೆ.

ಈ ಚರ್ಚೆ ನಮ್ಮಲ್ಲಿ ಹೇಗೆ ನಡೆಯುತ್ತಿದೆ ನೋಡಿ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣಮೂರ್ತಿಯವರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರು ಅದನ್ನು 90ಕ್ಕೆ ಏರಿಸಿದರು, ಭಾನುವಾರವೂ ದುಡಿಸಲಾಗುತ್ತಿಲ್ಲವಲ್ಲ ಎಂದು ವಿಷಾದಿಸಿದರು. ಅದೇ ಹೊತ್ತಿಗೆ ಬ್ರಿಟನ್ನಿನಿಂದ, ಐಸ್‌ಲ್ಯಾಂಡಿನಿಂದ ನಾಲ್ಕು ದಿನದ ವಾರದ ಸುದ್ದಿ ಬರುತ್ತಿತ್ತು. ಟಿವಿಯವರು ಎರಡನ್ನೂ ಎದುರುಬದುರು ಕೂರಿಸಿದರು. 70 ಗಂಟೆಯೋ, ನಾಲ್ಕು ದಿನವೋ? ಈ ಜಗಳದಲ್ಲಿ ಒಂದು ಸಣ್ಣ ಸಂಗತಿಯನ್ನು ಯಾರೂ ಕೇಳಲಿಲ್ಲ. ಬೆಂಗಳೂರಿನ ಒಬ್ಬ ಸಂಬಳದಾರ ಈಗ ವಾರಕ್ಕೆ ಎಷ್ಟು ಗಂಟೆ ದುಡಿಯುತ್ತಿದ್ದಾನೆ ಅಂತ ಯಾವ ಪುಸ್ತಕದಲ್ಲಿ ಬರೆದಿದೆ? ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ: ಲೆಕ್ಕವಿಲ್ಲದ ಗಂಟೆಯನ್ನು ಕಡಿತ ಮಾಡಲು ಬರುವುದಿಲ್ಲ. ಎಣಿಸದವನಿಗೆ ಕೊಡುವ ಕಿರಿದಾದ ವಾರ ಬರೀ ಕ್ಯಾಲೆಂಡರಿನ ಆಟ.

ವಾರದ ರಜೆ ಸೂರ್ಯ ಚಂದ್ರರಂತೆ ತಾನಾಗಿ ಬಂದದ್ದಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವವರಿಗೆ ವಾರಕ್ಕೊಂದು ದಿನ ಬಿಡುವು ಕೊಡಿಸಲು ನಾರಾಯಣ ಮೇಘಾಜಿ ಲೋಖಂಡೆ ಎಂಬ ಜ್ಯೋತಿಬಾ ಫುಲೆಯವರ ಒಡನಾಡಿ ವರ್ಷಗಟ್ಟಲೆ ಹೋರಾಡಬೇಕಾಯಿತು. 1890ರ ಜೂನಿನಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಭಾನುವಾರ ಖಂಡೋಬನ ವಾರ, ಆದ್ದರಿಂದ ಅಂದೇ ರಜೆ ಬೇಕು ಎಂಬುದು ಲೋಖಂಡೆಯವರ ವಾದವಾಗಿತ್ತಂತೆ. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಗೊರವರ ದೇವರಿಗೂ ಕಂಪನಿ ಕ್ಯಾಲೆಂಡರಿನ ಕೆಂಪಕ್ಷರಕ್ಕೂ ಹೀಗೊಂದು ನೆಂಟಸ್ತನ ಇದೆ ಎನ್ನುವುದು ಸಾಫ್ಟ್‌ವೇರಿನವರಿಗೆ ಬಿಡಿ, ಮೈಲಾರದ ಜಾತ್ರೆಗೆ ಹೋಗುವವರಿಗೂ ತಿಳಿದಿರಲಾರದು. ನಮ್ಮ ಅನೇಕ ಊರುಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಬಸವಣ್ಣನ ವಾರ ಅಂತ. ಎತ್ತಿಗಿದ್ದ ವಾರದ ರಜೆ ಗಿರಣಿಯ ಆಳಿಗೆ ಸಿಗಬೇಕಾದರೆ ಅರ್ಜಿ, ಸಭೆ, ಸಹಿ ಸಂಗ್ರಹ ಎಲ್ಲ ಆಗಬೇಕಾಯಿತು.

ಆಮೇಲೆ ಕಾನೂನು ಇಳಿದುಬಂದ ಮೆಟ್ಟಿಲುಗಳನ್ನು ನೋಡಿ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊಟ್ಟಮೊದಲ ಒಡಂಬಡಿಕೆಯಲ್ಲಿ 48 ಗಂಟೆಯ ವಾರ ಎಂದಿತು, ಬ್ರಿಟಿಷ್ ಇಂಡಿಯಾಕ್ಕೆ 60 ಎಂದು ಬೇರೆ ಕಲಮು ಬರೆಯಿತು. 1922ರ ಕಾರ್ಖಾನೆ ಕಾಯ್ದೆಯಲ್ಲಿ ಆ 60 ಬಂತು. 1934ರಲ್ಲಿ ಅದು 54 ಆಯಿತು. ಡಾ. ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಕಾಲದಲ್ಲಿ, 1946ರಲ್ಲಿ, 48 ಆಯಿತು. 24 ವರ್ಷಗಳಲ್ಲಿ ವಾರಕ್ಕೆ 12 ಗಂಟೆ ಇಳಿಯಿತು. ಅಂದಿನಿಂದ ಎಂಟು ದಶಕ ಅದೇ 48. 1948ರ ಕಾರ್ಖಾನೆ ಕಾಯ್ದೆಯಲ್ಲಿ 48, ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ 48, 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ 48. ಮಗ್ಗದಿಂದ ಮೈಕ್ರೋಚಿಪ್‌ವರೆಗೆ ಯಂತ್ರಗಳು ಎಲ್ಲಿಂದೆಲ್ಲಿಗೋ ಹೋದವು, ಗಂಟೆ ಮಾತ್ರ ಇದ್ದಲ್ಲೇ ನಿಂತಿತು.

ಈಗ ಇದ್ದಲ್ಲೂ ನಿಲ್ಲುವ ಸೂಚನೆ ಕಾಣುತ್ತಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು 145ಕ್ಕೆ ಏರಿಸಿತು. 2025ರಲ್ಲಿ ಅಂಗಡಿ ಕಾಯ್ದೆಯಲ್ಲೂ ದಿನದ 9 ಗಂಟೆಯನ್ನು 10 ಮಾಡುವ, ಮೂರು ತಿಂಗಳ ಓವರ್‌ಟೈಮನ್ನು 50ರಿಂದ 144 ಗಂಟೆಗೆ ಏರಿಸುವ ಪ್ರಸ್ತಾವ ಬಂತು. ಐಟಿ ನೌಕರರ ಸಂಘ ಬೀದಿಗಿಳಿಯಿತು. ನಾನು ಬ್ಯಾಂಕಿನವನು, ಅಂಕಿ ಕಂಡರೆ ಭಾಗಿಸಿ ನೋಡುವ ಚಟ. ಮೂರು ತಿಂಗಳೆಂದರೆ 13 ವಾರ. 144ನ್ನು 13ರಿಂದ ಭಾಗಿಸಿದರೆ ವಾರಕ್ಕೆ 11 ಗಂಟೆ. 48ಕ್ಕೆ 11 ಕೂಡಿಸಿದರೆ 59. ಬ್ರಿಟಿಷರು 1922ರಲ್ಲಿ ಇಟ್ಟ 60ಕ್ಕೆ ಒಂದೇ ಗಂಟೆ ಕಡಿಮೆ! ಹೆಚ್ಚಿನ ಗಂಟೆಗೆ ದುಪ್ಪಟ್ಟು ಕೂಲಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ, ಆ ನ್ಯಾಯವನ್ನೂ ಹೇಳಬೇಕು. ಆದರೆ ಆ ದುಪ್ಪಟ್ಟು ಯಾರಿಗೆ ಸಿಗುತ್ತದೆ?

ಉತ್ತರಕ್ಕೆ ಹಿಂದೆ ಹೋಗಬೇಕು. 60ರಿಂದ 48ರ ತನಕ ಇಳಿಯಲು ಸಾಧ್ಯವಾದದ್ದು ಏಕೆ? ಹೋರಾಟ, ಕರುಣೆ, ರಾಜಕೀಯ ಎಲ್ಲ ಇದ್ದವು. ಅವುಗಳ ಕೆಳಗೆ ಇನ್ನೊಂದು ಇತ್ತು: ಗಿರಣಿಯ ಸೈರನ್ನು ಮತ್ತು ಹಾಜರಿ ಪುಸ್ತಕ. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಇಬ್ಬರಿಗೂ ಗೊತ್ತಿತ್ತು. ಮಾಲೀಕ ಕೂಲಿ ಕಡಿಯಲೆಂದೇ ಹಾಜರಿ ಹಾಕುತ್ತಿದ್ದ, ಆದರೆ ಅದೇ ಪುಸ್ತಕ ಕಾರ್ಮಿಕನ ಸಾಕ್ಷಿಯೂ ಆಯಿತು.

ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಿರಿದಾದ ದಿನ ಕನಸಲ್ಲ, ಅರ್ಧ ಶತಮಾನ ನಡೆದುಹೋದ ವ್ಯವಹಾರ ಎನ್ನುವುದಕ್ಕೆ ಅದೇ ಪುರಾವೆ. ಕಾರ್ನ್‌ಫ್ಲೇಕ್ಸ್ ಮಾಡುವ ಕೆಲಾಗ್ ಕಂಪನಿಯ ಒಡೆಯ ಡಬ್ಲ್ಯೂ. ಕೆ. ಕೆಲಾಗ್ ಮಹಾಕುಸಿತದ ದಿನಗಳಲ್ಲಿ, 1930ರ ಡಿಸೆಂಬರಿನಲ್ಲಿ, ಎಂಟು ಗಂಟೆಯ ಮೂರು ಪಾಳಿಗಳನ್ನು ತೆಗೆದು ಆರು ಗಂಟೆಯ ನಾಲ್ಕು ಪಾಳಿ ಮಾಡಿದ. ಕೆಲಸ ಕಳೆದುಕೊಂಡ ನೂರಾರು ಕುಟುಂಬಗಳಿಗೆ ಅನ್ನ ಸಿಗಲಿ ಎಂಬುದು ಹೇಳಿಕೊಂಡ ಉದ್ದೇಶ. ಗಂಟೆಯ ಕೂಲಿಯನ್ನು ಎಂಟನೆಯ ಒಂದು ಪಾಲು ಏರಿಸಿದ. ಕೆಲವೇ ವರ್ಷಗಳಲ್ಲಿ ಆರು ಗಂಟೆಗೆ ಎಂಟು ಗಂಟೆಯ ಕೂಲಿ ಕೊಡುವಷ್ಟು ಉತ್ಪಾದನೆ ಸುಧಾರಿಸಿತೆಂದು ಕಂಪನಿಯೇ ಹೇಳಿಕೊಂಡಿತು. 1933ರಲ್ಲಿ ದೇಶಕ್ಕೆಲ್ಲ 30 ಗಂಟೆಯ ವಾರ ತರುವ ಮಸೂದೆಯನ್ನು ಅಮೆರಿಕದ ಸೆನೆಟ್ ಅಂಗೀಕರಿಸಿಯೂ ಇತ್ತು, ಅದು ಕಾಯ್ದೆಯಾಗಲಿಲ್ಲ.

ಎರಡನೆಯ ಮಹಾಯುದ್ಧ ಬಂತು, ಕೆಲಾಗ್‌ನಲ್ಲೂ ಎಂಟು ಗಂಟೆ ಬಂತು. ಯುದ್ಧ ಮುಗಿದ ಮೇಲೆ ಕಾರ್ಮಿಕರು ಮತ ಹಾಕಿ ಆರು ಗಂಟೆಯನ್ನು ವಾಪಸ್ ಕೇಳಿದರು. ಆದರೆ ಕಾಲ ಬದಲಾಗಿತ್ತು. ಹೆಚ್ಚು ಗಂಟೆ, ಹೆಚ್ಚು ಹಣ, ಹೊಸ ಕಾರು ಎಂಬ ಲೆಕ್ಕಕ್ಕೆ ಒಂದೊಂದೇ ವಿಭಾಗ ಎಂಟು ಗಂಟೆಗೆ ಮರಳಿತು. ಕೊನೆಯ ತನಕ ಹಿಡಿದುನಿಂತವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಆರು ಗಂಟೆಯನ್ನು ಗಂಡಸರು ಹುಡುಗಾಟದ ಕೆಲಸ ಎಂದು ಹಂಗಿಸುತ್ತಿದ್ದರಂತೆ. 1985ರಲ್ಲಿ ಅದೂ ಮುಗಿಯಿತು. ನನ್ನನ್ನು ಈ ಕತೆಯಲ್ಲಿ ಹಿಡಿಯುವುದು ಅದು ಮುಗಿದದ್ದಲ್ಲ, ಅರ್ಧ ಶತಮಾನ ನಡೆದದ್ದು. ಅಲ್ಲಿ ಗಂಟೆಯನ್ನು ಕಡಿಮೆ ಮಾಡಬಹುದಿತ್ತು, ಏಕೆಂದರೆ ಎಲ್ಲರೂ ಗಂಟೆಗಿಷ್ಟು ಎಂದು ದುಡಿಯುವವರು.

ಸಂಬಳದಾರನ ವಿಷಯ ಬೇರೆ. ನಾನು ಮಲೆನಾಡಿನ ಒಂದು ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಮ್ಯಾನೇಜರರ ಮೇಜಿನ ಎಡಕ್ಕೆ ಉದ್ದನೆಯ ಓವರ್‌ಟೈಮ್ ರಿಜಿಸ್ಟರ್ ಇರುತ್ತಿತ್ತು. ಅರ್ಧವಾರ್ಷಿಕ ಬಡ್ಡಿ ಹಾಕಿ ಲೆಡ್ಜರ್‌ಗಳನ್ನು ತಾಳೆ ನೋಡುವ ಕಾಲದಲ್ಲಿ, 17 ಪೈಸೆ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತಾದರೂ ಕೂತಿರುತ್ತಿದ್ದೆವು. ಪೈಸೆ ಸಿಕ್ಕಿದ ಮೇಲೆ ಆ ರಿಜಿಸ್ಟರಿನಲ್ಲಿ ಹೊತ್ತು ಬರೆದು ಸಹಿ ಹಾಕಿ ಮನೆಗೆ ಹೋಗುವುದು. ಆಮೇಲೆ ನನಗೆ ಅಧಿಕಾರಿಯಾಗಿ ಬಡ್ತಿ ಸಿಕ್ಕಿತು. ಮನೆಯಲ್ಲಿ ಹೋಳಿಗೆ ಮಾಡಿದರು. ಮುಂದಿನ ಅರ್ಧವರ್ಷದ ಲೆಕ್ಕದಲ್ಲೂ ಹಾಗೇ ರಾತ್ರಿಯಾಯಿತು. ಪೈಸೆ ಸಿಕ್ಕಿತು. ಅಭ್ಯಾಸಬಲದಿಂದ ರಿಜಿಸ್ಟರಿಗೆ ಕೈ ಚಾಚಿದೆ. ಅಟೆಂಡರು ಮೆಲ್ಲಗೆ ಅದನ್ನು ತನ್ನ ಕಡೆಗೆ ಎಳೆದುಕೊಂಡು, ‘ಸಾರ್, ಅದು ಈಗ ನಿಮ್ಮದಲ್ಲ’ ಅಂದ. ಅವತ್ತು ಅವನಿಗೆ ಓವರ್‌ಟೈಮ್, ನನಗೆ ಗೌರವ.

ಇದು ನನ್ನೊಬ್ಬನ ಪಾಡಲ್ಲ. ಬ್ಯಾಂಕುಗಳಲ್ಲಿ ಗುಮಾಸ್ತರ ಗಂಟೆಗಳು ದ್ವಿಪಕ್ಷೀಯ ಒಪ್ಪಂದದಲ್ಲಿ ಬರೆದಿವೆ, ಅಧಿಕಾರಿಗೆ ಅಂಥ ಗಡಿ ಇಲ್ಲ. ಅಂಗಡಿ ಕಾಯ್ದೆಯೂ ಆಡಳಿತದ ಹುದ್ದೆಯಲ್ಲಿರುವವರನ್ನು ಹೊರಗಿಡುತ್ತದೆ, ಕಾರ್ಖಾನೆ ಕಾಯ್ದೆಯೂ ಮೇಲ್ವಿಚಾರಕರಿಗೆ ವಿನಾಯಿತಿಯ ಬಾಗಿಲು ತೆರೆದಿತ್ತು. ಕೆಲಸದ ನಿಯಮಗಳನ್ನು ಬರೆದಿಡಬೇಕೆನ್ನುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕೊಟ್ಟ ವಿನಾಯಿತಿಯನ್ನು ನಮ್ಮ ಸರ್ಕಾರ ಐದೈದು ವರ್ಷಕ್ಕೊಮ್ಮೆ ಮುಂದುವರಿಸುತ್ತ ಬಂದಿತ್ತು. ಇನ್ನು ಬಿರುದುಗಳು. ಕೈಕೆಳಗೆ ಒಬ್ಬನೂ ಇಲ್ಲದ 25ರ ಹುಡುಗನಿಗೆ ‘ಅಸಿಸ್ಟೆಂಟ್ ಮ್ಯಾನೇಜರ್’ ಎಂಬ ಕಾರ್ಡು ಅಚ್ಚು ಹಾಕಿಸಿ ಕೊಡುತ್ತಾರೆ. ಅವನ ಅಪ್ಪ ಊರಲ್ಲಿ ಅದನ್ನು ತೋರಿಸಿಕೊಂಡು ಓಡಾಡುತ್ತಾರೆ. ಆ ಕಾರ್ಡಿನೊಂದಿಗೆ ಅವನ ಗಡಿಯಾರ ಹೋಯಿತು ಎನ್ನುವುದು ಇಬ್ಬರಿಗೂ ಗೊತ್ತಿಲ್ಲ. ದೇಶಕ್ಕೆಲ್ಲ ಎಚ್‌ಎಂಟಿ ಕೈಗಡಿಯಾರ ಕಟ್ಟಿಕೊಟ್ಟ ಊರು ಬೆಂಗಳೂರು, ಹೇಳಿ ಪ್ರಯೋಜನವಿಲ್ಲ.

ಗಡಿಯಾರ ಇಲ್ಲದವನಿಗೆ ರಜೆ ‘ಕೊಡುವುದು’ ಬಹಳ ಸುಲಭ. ಕೊಡುವವನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡರೆ ಹಿಡಿಯುವುದು ಹೇಗೆ? ಬ್ಯಾಂಕಿನ ಶನಿವಾರವನ್ನೇ ನೋಡೋಣ. ಮೊದಲು ಪ್ರತಿ ಶನಿವಾರ ಅರ್ಧ ದಿನ. 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಪೂರ್ತಿ ರಜೆ, ಉಳಿದವು ಪೂರ್ತಿ ಕೆಲಸ. ಎರಡು ಅರ್ಧ ಕೂಡಿಸಿ ಒಂದು ಮಾಡಿದರು ಅಷ್ಟೆ. 2024ರ ಮಾರ್ಚಿನಲ್ಲಿ ಬ್ಯಾಂಕುಗಳ ಸಂಘವೂ ನೌಕರರ ಸಂಘಗಳೂ ಐದು ದಿನದ ವಾರಕ್ಕೆ ಒಪ್ಪಿ ಸರ್ಕಾರದ ಅನುಮತಿಗೆ ಕಳಿಸಿದಾಗ, ಬದಲಿಗೆ ದಿನಕ್ಕೆ ಸುಮಾರು 40 ನಿಮಿಷ ಹೆಚ್ಚು ದುಡಿಯುವ ಮಾತೂ ಜೊತೆಗಿತ್ತು. ನಮ್ಮ ರಾಜ್ಯ ಸರ್ಕಾರ 2019ರಲ್ಲಿ ನೌಕರರಿಗೆ ನಾಲ್ಕನೆಯ ಶನಿವಾರ ಬಿಟ್ಟುಕೊಟ್ಟಿತು, ವರ್ಷಕ್ಕೆ 12 ದಿನ. ಜೊತೆಗೆ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಇದನ್ನು ನಾನು ಮೋಸ ಎನ್ನುವುದಿಲ್ಲ. ಗುಮಾಸ್ತರಿಗೂ ಸರ್ಕಾರಿ ನೌಕರರಿಗೂ ಲೆಕ್ಕ ಗೊತ್ತಿದೆ, ಗೊತ್ತಿದ್ದೇ ಒಪ್ಪುತ್ತಾರೆ. ಬಸ್ಸು ಹತ್ತುವ ಒಂದು ದಿನ ಉಳಿಯುವುದೂ ಸಣ್ಣ ಲಾಭವಲ್ಲ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರು ಈ ಸರಾಸರಿ ಕೇಳಿ ನಗುತ್ತಾರೆ.

ಆದರೆ ಇದು ವಾರವನ್ನು ಮಡಿಸುವುದು, ಕಿರಿದು ಮಾಡುವುದಲ್ಲ. ಬೆಲ್ಜಿಯಂ 2022ರಲ್ಲಿ ನೌಕರರಿಗೆ ನಾಲ್ಕು ದಿನದ ವಾರ ಕೇಳುವ ಹಕ್ಕು ಕೊಟ್ಟಿತು ಎಂದು ನಮ್ಮ ಪತ್ರಿಕೆಗಳು ಸಂಭ್ರಮಿಸಿದವು. ಅಲ್ಲೂ ಐದು ದಿನದ ಗಂಟೆಗಳನ್ನೇ ನಾಲ್ಕಕ್ಕೆ ತುರುಕುವುದು. ನಮ್ಮ ಕಾರ್ಮಿಕ ಸಂಹಿತೆಗಳ ಹಿನ್ನೆಲೆಯಲ್ಲಿ ಕೇಳಿಬರುತ್ತಿರುವ ‘12 ಗಂಟೆಯ ನಾಲ್ಕು ದಿನ’ವೂ ಅದೇ ಜಾತಿಯದು. 12 ಗಂಟೆ ಕಂಪ್ಯೂಟರಿನ ಮುಂದೆ ಕೂತವನಿಗೆ ಐದನೆಯ ದಿನ ಬೆನ್ನುನೋವಿನ ಡಾಕ್ಟರಿಗೆ.

ನಿಜವಾಗಿ ಕಿರಿದು ಮಾಡಿದವರು ಯಾರು? ಐಸ್‌ಲ್ಯಾಂಡಿನವರು. ಅವರ ಕೆಲಸವನ್ನು ಜಗತ್ತೆಲ್ಲ ‘ನಾಲ್ಕು ದಿನದ ವಾರ’ ಎಂದು ತಪ್ಪಾಗಿ ಸಾರಿತು. ಅವರು ದಿನ ಕಡಿಯಲಿಲ್ಲ, ಗಂಟೆ ಕಡಿದರು. 2015ರಿಂದ 2019ರ ತನಕ ರೇಕ್ಯಾವಿಕ್ ನಗರಸಭೆ, ಆಮೇಲೆ ರಾಷ್ಟ್ರ ಸರ್ಕಾರ, ಎರಡೂ ನೌಕರರ ಸಂಘಗಳ ಒತ್ತಾಯದ ಮೇಲೆ ಪ್ರಯೋಗ ಮಾಡಿದವು. ಸುಮಾರು 2,500 ಮಂದಿ, ಅಂದರೆ ಆ ಪುಟ್ಟ ದೇಶದ ದುಡಿಯುವವರಲ್ಲಿ ಶೇ. 1ಕ್ಕೂ ಹೆಚ್ಚು. ಕಚೇರಿ, ಶಿಶುವಿಹಾರ, ಸಮಾಜ ಸೇವೆಯ ಕೇಂದ್ರ, ಆಸ್ಪತ್ರೆ ಎಲ್ಲ ಇದ್ದವು. 40 ಗಂಟೆ ಇದ್ದದ್ದು 35 ಅಥವಾ 36 ಆಯಿತು, ಸಂಬಳಕ್ಕೆ ಕೈ ಹಚ್ಚಲಿಲ್ಲ.

ಆ ನಾಲ್ಕೈದು ಗಂಟೆ ಎಲ್ಲಿಂದ ಬಂತು? ಮೀಟಿಂಗಿನಿಂದ. ಸಭೆಗಳನ್ನು ಗಿಡ್ಡ ಮಾಡಿದರು, ಕೆಲವನ್ನು ಕಿತ್ತೇ ಹಾಕಿ ಇಮೇಲ್ ಕಳಿಸಿದರು. ಬೇಡದ ಕೆಲಸಗಳನ್ನು ಬಿಟ್ಟರು. ಶಿಶುವಿಹಾರದಲ್ಲಿ ಮಕ್ಕಳು ಮನೆಗೆ ಹೋಗುತ್ತ ಬಂದಂತೆ ಸಿಬ್ಬಂದಿ ಸರದಿಯ ಮೇಲೆ ಬೇಗ ಹೊರಟರು. ಎಲ್ಲ ಕಡೆಯೂ ಇದು ಪುಕ್ಕಟೆ ಆಗಲಿಲ್ಲ. ರೋಗಿಯನ್ನು ತಿರುಗಿಸಿ ಮಲಗಿಸುವುದನ್ನು ಇಮೇಲಿನಲ್ಲಿ ಮಾಡಲಾಗುವುದಿಲ್ಲವಲ್ಲ, ಅಂಥಲ್ಲಿ ಹೆಚ್ಚು ಜನರನ್ನು ತೆಗೆದುಕೊಳ್ಳಬೇಕಾಯಿತು. ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದ ಒಂದು ವೃದ್ಧಾಶ್ರಮದಲ್ಲಿ 2015–16ರಲ್ಲಿ ಸುಮಾರು 70 ದಾದಿಯರಿಗೆ ಆರು ಗಂಟೆಯ ದಿನ ಕೊಟ್ಟಾಗ 17 ಮಂದಿಯನ್ನು ಹೊಸದಾಗಿ ನೇಮಿಸಬೇಕಾಯಿತು. ದಾದಿಯರ ಆರೋಗ್ಯ ಸುಧಾರಿಸಿತು, ಖರ್ಚು ಜಾಸ್ತಿಯೆಂದು ನಗರಸಭೆ ಪ್ರಯೋಗ ಮುಂದುವರಿಸಲಿಲ್ಲ. ಕಿರಿದಾದ ವಾರದ ಭಕ್ತರು ಗೊಥೆನ್‌ಬರ್ಗ್ ಹೆಸರು ಎತ್ತುವುದಿಲ್ಲ, ಎತ್ತಬೇಕು. ಬೆಲೆ ತೆತ್ತು ಕೊಳ್ಳಬೇಕಾದ ಒಳ್ಳೆಯದೂ ಇರುತ್ತದೆ.

ಬ್ರಿಟನ್ನಿನ ಪ್ರಯೋಗದ ಅಂಕಿಗಳು ಹೆಚ್ಚು ಪ್ರಸಿದ್ಧ. 2022ರ ಜೂನಿನಿಂದ ಆರು ತಿಂಗಳು, 61 ಕಂಪನಿಗಳು, ಸುಮಾರು 2,900 ನೌಕರರು. ಸಂಬಳ ಪೂರ್ತಿ, ಹೊತ್ತು ನೂರಕ್ಕೆ 80, ಕೆಲಸ ಮಾತ್ರ ನೂರಕ್ಕೆ ನೂರು ಎಂಬ ಸೂತ್ರ. ಮುಗಿದಾಗ 56 ಕಂಪನಿಗಳು ಮುಂದುವರಿಸುತ್ತೇವೆ ಎಂದವು. ಕಾಯಿಲೆ ರಜೆ ಶೇ. 65 ಇಳಿಯಿತು, ಕೆಲಸ ಬಿಟ್ಟುಹೋಗುವವರು ಶೇ. 57 ಕಡಿಮೆಯಾದರು. ಇದನ್ನು ಅಳೆದು ತೂಗಿಯೇ ಒಪ್ಪಬೇಕು: ತಾವಾಗಿ ಮುಂದೆ ಬಂದ ಕಂಪನಿಗಳಿವು, ಬಹುಪಾಲು ಸಣ್ಣವು, ಯಜಮಾನನಿಗೆ ಮೊದಲೇ ಮನಸ್ಸಿತ್ತು. ಆದರೂ ಅಂಕಿಗಿಂತ ನನಗೆ ಮುಖ್ಯವಾಗಿ ಕಂಡದ್ದು ಅದರ ಹಿಂದಿನ ಎರಡು ತಿಂಗಳು. ಪ್ರಯೋಗಕ್ಕೆ ಮುಂಚೆ ಕಂಪನಿಗಳು ಕೂತು ತಮ್ಮಲ್ಲಿ ಹೊತ್ತು ಎಲ್ಲಿ ಹೋಗುತ್ತಿದೆ ಎಂದು ನೋಡಿಕೊಂಡವು. 2019ರ ಆಗಸ್ಟಿನಲ್ಲಿ ಜಪಾನಿನ ಮೈಕ್ರೋಸಾಫ್ಟ್ ಐದು ಶುಕ್ರವಾರ ರಜೆ ಕೊಟ್ಟಾಗಲೂ ಮೀಟಿಂಗು ಅರ್ಧ ಗಂಟೆ ಮೀರದಿರಲಿ, ಐದು ಜನ ಮೀರದಿರಲಿ ಎಂದು ಹೇಳಿತ್ತು. ಎಲ್ಲ ಕಡೆ ಮೊದಲು ಎಣಿಕೆ, ಆಮೇಲೆ ಕಡಿತ.

ಇದನ್ನು ನೇರ ಬೆಂಗಳೂರಿಗೆ ತಂದು ನೆಡಲು ಹೋದರೆ ಏನಾಗುತ್ತದೆ? ಉತ್ಸಾಹಿಗಳು ಇಲ್ಲೇ ಎಡವುತ್ತಾರೆ. ಬ್ರಿಟನ್ನಿನ ಆ ಕಂಪನಿಗಳಲ್ಲಿ ಹೆಚ್ಚಿನವು ಮಾರುವುದು ಮಾಡಿದ ಕೆಲಸವನ್ನು. ಜಾಹೀರಾತು ಮಾಡಿದರೆ ಜಾಹೀರಾತಿಗೆ ದುಡ್ಡು, ಅದು ನಾಲ್ಕು ದಿನದಲ್ಲಿ ಆಯಿತೋ ಐದರಲ್ಲೋ ಗಿರಾಕಿ ಕೇಳುವುದಿಲ್ಲ. ನಮ್ಮ ಐಟಿ ಸೇವಾ ಉದ್ಯಮದ ದೊಡ್ಡ ಪಾಲು ಮಾರುವುದು ಮನುಷ್ಯರ ಗಂಟೆಗಳನ್ನು. ಇಂಥ ಎಂಜಿನಿಯರು ಗಂಟೆಗಿಷ್ಟು ಡಾಲರ್ ಎಂದು ಗಿರಾಕಿಗೆ ಬಿಲ್ ಹೋಗುತ್ತದೆ. ಬಿಲ್ ಆಗದೆ ಕೂತವನು ‘ಬೆಂಚಿನ ಮೇಲೆ’ ಇದ್ದಾನೆ ಎನ್ನುತ್ತಾರೆ, ಆ ಬೆಂಚು ಎಷ್ಟು ಬಿಸಿ ಎಂದು ಕೂತವರಿಗೇ ಗೊತ್ತು. ಇಲ್ಲಿ ಎಂಜಿನಿಯರು ಐದು ದಿನದ ಕೆಲಸವನ್ನು ನಾಲ್ಕೇ ದಿನದಲ್ಲಿ ಮುಗಿಸಿದರೆ ಕಂಪನಿಗೆ ಲಾಭವಲ್ಲ, ಒಂದು ದಿನದ ಬಿಲ್ ನಷ್ಟ. ಕಂಪನಿಯ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ವ್ಯಾಪಾರದ ಕಟ್ಟಡವೇ ಹಾಗಿದೆ.

ಹಾಗಾದರೆ ಗಂಟೆ ಮಾರುವವರಲ್ಲಾದರೂ ಗಂಟೆಯ ಲೆಕ್ಕ ಸರಿ ಇರಬೇಕಲ್ಲ? ನನ್ನ ತಂಗಿಯ ಮಗಳು ಮನೆಗೆ ಬಂದಿದ್ದಾಗ ಒಂದು ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ತೆರೆದು ಟೈಮ್‌ಶೀಟ್ ತುಂಬಿದಳು. ಸೋಮವಾರ 8, ಮಂಗಳವಾರ 8, ಬುಧವಾರ 8. ಬೆರಳು ತಡವರಿಸಲೇ ಇಲ್ಲ. ಬುಧವಾರ ಅವಳು ಅಮೆರಿಕದ ಕರೆ ಮುಗಿಸಿ ಊಟಕ್ಕೆ ಕೂತಾಗ ರಾತ್ರಿ ಹನ್ನೊಂದೂವರೆ, ಅನ್ನ ಬಡಿಸಿದವನು ನಾನೇ. ‘ಬುಧವಾರ 12 ಅಂತ ಬರಿ’ ಅಂದೆ. ‘ಹಾಗೆ ಬರೆದರೆ ಮೇಲಿಂದ ಕೇಳುತ್ತಾರೆ ಮಾಮ, ಗಿರಾಕಿಯ ಬಜೆಟ್ಟು ಎಂಟಕ್ಕೇ ಇರುವುದು. ಎಂಟರಲ್ಲಿ ಆಗದ್ದು ನನ್ನ ದಡ್ಡತನ ಅಂತ ಆಗುತ್ತೆ’ ಅಂದಳು. ಬ್ಯಾಂಕಿನಲ್ಲಿ ಇಂಥ ಎಂಟ್ರಿ ಹಾಕಿದ್ದರೆ ನಮ್ಮನ್ನು ಸಸ್ಪೆಂಡ್ ಮಾಡುತ್ತಿದ್ದರು. ನಮ್ಮ ಕಾಲದಲ್ಲಿ ಅಧಿಕಾರಿಗೆ ರಿಜಿಸ್ಟರ್ ಇರಲಿಲ್ಲ. ಇವಳಿಗೆ ರಿಜಿಸ್ಟರ್ ಇದೆ, ಅದರಲ್ಲಿ ನಿಜ ಬರೆಯುವ ಹಾಗಿಲ್ಲ. ಇವಳಿಗೆ ನಾಳೆ ಶುಕ್ರವಾರ ರಜೆ ಎಂದು ಘೋಷಿಸಿದರೆ ಟೈಮ್‌ಶೀಟಿನಲ್ಲಿ 8 ಗಂಟೆ ಅಳಿಯುತ್ತದೆ, ಅವಳ ಬಾಳಿನಲ್ಲಿ ಎಷ್ಟು ಅಳಿಯುತ್ತದೋ ಯಾರಿಗೂ ತಿಳಿಯುವುದಿಲ್ಲ.

ಆರೋಗ್ಯದ ಮಾತು ಇಲ್ಲಿ ಬರುತ್ತದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ 35–40 ಗಂಟೆಯವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35, ಹೃದ್ರೋಗದಿಂದ ಸಾಯುವ ಅಪಾಯ ಶೇ. 17 ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದವು. ಟೈಮ್‌ಶೀಟು ನಂಬುವ ವೈದ್ಯನಿಗೆ ಬೆಂಗಳೂರಿನ ಎಂಜಿನಿಯರುಗಳೆಲ್ಲ 40 ಗಂಟೆಯ ಸುರಕ್ಷಿತ ಗುಂಪಿಗೇ ಸೇರಿದವರು.

ಇಷ್ಟು ಹೇಳಿದ ಕೂಡಲೇ ಯಾರಾದರೂ ಎದ್ದು, ಇದು ಕಾಯಕದ ನಾಡು, ಶರಣರು ಗಂಟೆ ನೋಡಿ ದುಡಿದರೇ ಎಂದು ಕೇಳುವುದುಂಟು. ಕಂಪನಿಗಳ ವಾರ್ಷಿಕ ಸಮಾರಂಭದಲ್ಲೂ ಈಗ ಕಾಯಕದ ಮೇಲೆ ಭಾಷಣ ಇರುತ್ತದೆ. ಅವರು ಆಯ್ದಕ್ಕಿ ಮಾರಯ್ಯನ ಹೆಸರು ಹೇಳುತ್ತಾರೆ, ಅವನ ಹೆಂಡತಿ ಲಕ್ಕಮ್ಮನ ಕತೆ ಮರೆಯುತ್ತಾರೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ದಂಪತಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇವತ್ತಿಗೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ವಾಪಸ್ ಕಳಿಸಿದಳು. ಕಾಯಕಕ್ಕೆ ಅಳತೆ ಉಂಟೆಂದು ಅವಳಷ್ಟು ಖಡಾಖಂಡಿತವಾಗಿ ಹೇಳಿದವರು ಇನ್ನೊಬ್ಬರಿಲ್ಲ. ಅವಳ ಬಾಗಿಲಿಗೆ 70 ಗಂಟೆಯ ಲೆಕ್ಕ ಹಿಡಿದು ಹೋಗುವವರು ಉತ್ತರಕ್ಕೂ ತಯಾರಾಗಿ ಹೋಗಲಿ.

ಹೆಂಗಸರ ವಿಷಯದಲ್ಲಿ ಒಂದು ಎಚ್ಚರ. 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಮನೆಯಲ್ಲಿ ಈ ಲೆಕ್ಕ ಹೀಗೇ ಇದ್ದರೆ ಸಿಕ್ಕ ಶುಕ್ರವಾರ ಅವನಿಗೆ ಕ್ರಿಕೆಟ್ಟು, ಅವಳಿಗೆ ದೋಸೆ ಹಿಟ್ಟು, ಬಟ್ಟೆ, ಅತ್ತೆಯ ಆಸ್ಪತ್ರೆ. ಐಸ್‌ಲ್ಯಾಂಡಿನಲ್ಲಿ ಕೆಲವು ಗಂಡಸರು ಅಡುಗೆ, ಮಕ್ಕಳ ಕೆಲಸಕ್ಕೆ ಹೆಚ್ಚು ಕೈ ಹಾಕಿದರಂತೆ. ನಮ್ಮ ಗಂಡಸರ ಪರವಾಗಿ ನಾನು ಭರವಸೆ ಕೊಡಲಾರೆ.

ರಜೆಯ ದಿನ ಯಾವುದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಕೆಲವು ಕಡೆ ಒಬ್ಬೊಬ್ಬರಿಗೆ ಒಂದೊಂದು ದಿನ ಎಂದು ಹಂಚುತ್ತಾರೆ, ಕಚೇರಿ ಮುಚ್ಚಬೇಕಿಲ್ಲ. 1929ರಲ್ಲಿ ಸೋವಿಯತ್ ಸರ್ಕಾರ ಇದನ್ನು ದೇಶದ ಮಟ್ಟದಲ್ಲೇ ಮಾಡಿತ್ತು. ಐದು ದಿನದ ವಾರ, ಕಾರ್ಮಿಕರಿಗೆ ಒಂದೊಂದು ಬಣ್ಣ, ಬಣ್ಣಕ್ಕೊಂದು ರಜೆ, ಯಂತ್ರ ಮಾತ್ರ ನಿಲ್ಲದು. ಗಂಡನದು ಒಂದು ಬಣ್ಣ, ಹೆಂಡತಿಯದು ಇನ್ನೊಂದು. ಒಟ್ಟಿಗೆ ಉಣ್ಣಲು ದಿನವೇ ಇಲ್ಲದ ಮನೆಗಳಾದವು. 1940ರಲ್ಲಿ ಏಳು ದಿನದ ವಾರವೂ ಭಾನುವಾರವೂ ಮರಳಿ ಬಂದವು. ಮೈಲಾರಲಿಂಗನ ದಿನವೇ ಬೇಕೆಂದ ಲೋಖಂಡೆಗೆ ಈ ಸೂಕ್ಷ್ಮ ಗೊತ್ತಿತ್ತು.

ನಿಮ್ಮ ಬೇಡಿಕೆ ಏನು ಎಂದು ಕೇಳುತ್ತೀರಿ. ಕಾಯ್ದೆ ಮಾಡಿ ನಾಲ್ಕು ದಿನದ ವಾರ ಕೊಡಿ ಎಂದು ನಾನು ಕೇಳುವುದಿಲ್ಲ. ಮನೆಗೆಲಸದವಳಿಗೂ ಊಟ ತಂದುಕೊಡುವ ಹುಡುಗನಿಗೂ ಭಾನುವಾರವೇ ಇಲ್ಲದ ಊರಿನಲ್ಲಿ, ಸಂಬಳದಾರನಿಗೆ ಮೂರು ದಿನ ರಜೆ ಎಂದರೆ ಅವರಿಗೆ ಮೂರು ದಿನ ಹೆಚ್ಚಿನ ಓಟ. ನನ್ನ ಮೊದಲ ಬೇಡಿಕೆ ಹಳೆಯದೇ. ಸಂಬಳದಾರನಿಗೂ, ಅಧಿಕಾರಿಗೂ, ಕಾರ್ಡಿನ ಮೇಲಷ್ಟೇ ಮ್ಯಾನೇಜರ್ ಆದವನಿಗೂ ನಿಜವಾದ ಗಂಟೆಯ ಪುಸ್ತಕ ಇರಲಿ. ವಿನಾಯಿತಿ ಸಿಗಬೇಕಾದರೆ ಅವನಿಗೆ ಜನರನ್ನು ನೇಮಿಸುವ, ತೆಗೆಯುವ ಅಧಿಕಾರ ನಿಜಕ್ಕೂ ಇರಲಿ, ಬಿರುದು ಸಾಲದು. ಆಮೇಲೆ 48 ಅನ್ನು 40ಕ್ಕೆ ಇಳಿಸುವ ಚರ್ಚೆ ವಿಧಾನಸಭೆಯಲ್ಲಿ ನಡೆಯಲಿ, 1946ರ ನಂತರ ಒಂದು ಮೆಟ್ಟಿಲು. ಅದಕ್ಕಿಂತ ಕೆಳಗೆ ಹೋಗುವುದು, 36ಕ್ಕೋ 32ಕ್ಕೋ, ಕಂಪನಿಗಳಿಗೂ ಸಂಘಗಳಿಗೂ ಬಿಟ್ಟ ವಿಚಾರ. ಬಿಲ್‌ಗೆ ಗಂಟೆ ಮಾರುವ ಕಂಪನಿ ಕೆಲಸ ಮಾರಲು ಕಲಿತರೆ ಅದಕ್ಕೇ ಮೊದಲ ಲಾಭ.

ಶುರು ಮಾಡಲು ಕಾಯ್ದೆಗೆ ಕಾಯಬೇಕಿಲ್ಲ. ಯಾವುದೇ ಒಂದು ಕಚೇರಿ ಮೂರು ತಿಂಗಳು ಹೀಗೆ ಮಾಡಿ ನೋಡಲಿ: ಟೈಮ್‌ಶೀಟಿನಲ್ಲಿ ನಿಜ ಬರೆದವರನ್ನು ಯಾರೂ ಕರೆದು ಕೇಳುವುದಿಲ್ಲ ಎಂದು ಮೊದಲ ದಿನ ಘೋಷಿಸಿ, ಬರೆಯಲು ಬಿಡುವುದು. ಮನೆಯಿಂದ ಹಿಡಿದ ಕರೆ, ರಾತ್ರಿ ಹತ್ತರ ಮೆಸೇಜು, ಶನಿವಾರದ ‘ಹತ್ತೇ ನಿಮಿಷ’ ಎಲ್ಲವೂ ಅದರಲ್ಲಿರಲಿ. ಮೊದಲ ತಿಂಗಳ ಮೊತ್ತ ಬಂದ ದಿನ ಮಾನವ ಸಂಪನ್ಮೂಲದವರು ಅದನ್ನು ವಕೀಲರಿಗೆ ತೋರಿಸದೆ ಇರಲಾರರು. 48 ಮೀರಿದ ಪ್ರತಿ ಗಂಟೆಗೆ ದುಪ್ಪಟ್ಟು ಕೊಡಬೇಕೆಂಬ ಕಲಮು ನಮ್ಮದೇ ರಾಜ್ಯದ ಕಾಯ್ದೆಯಲ್ಲಿ 1961ರಿಂದ ಇದೆ. ಟೈಮ್‌ಶೀಟಿನಲ್ಲಿ ಎಂಟರ ಮುಂದೆ ಬೆರಳು ಹೋಗದಿರುವುದಕ್ಕೆ ಅದೂ ಒಂದು ಕಾರಣ.